ಮಾಖೋಜಾಳ ಹಸುವಿನ ಬಣ್ಣ

ಪಕ್ಕದ ಮನೆಯ ಭೆಕುಯಿಸೆ ಒಂದು ಹಕ್ಕಿಯ ಹೆಸರು ಮರೆತಿದ್ದರಿಂದ ಅವನ ಹೆಂಡತಿ ಮಾಖೋಜಾಳ ಹಸು ಕೈಬಿಟ್ಟು ಹೋಗುವುದರಲ್ಲಿತ್ತು.

ಮಗಳು ಹ್ಲೆಂಗಿವೆಯ ಮದುವೆಯಲ್ಲಿ ಗಂಡಿನವರು ಹೆತ್ತ ತಾಯಿಗೆಂದೇ ಕೊಟ್ಟ ಹಸು ಅದು. ಗಂಡನನ್ನು ಬಿಟ್ಟರೆ ಮಾಖೋಜಾ ತನ್ನದೆನ್ನಬಹುದಾದ ಒಂದೇ ಪ್ರಾಣಿ. ದನಗಳನ್ನು ಉಣ್ಣಿ ಮದ್ದಿನ ತೊಟ್ಟಿಯಲ್ಲಿ ಮುಳುಗಿಸುವ ದಿನ ಬೇರೆ ಹಿಂಡಿಗೆ ಸೇರಿ ಹೊಳೆ ದಾಟಿಬಿಟ್ಟಿತು. ಆಚೆ ದಡದ ಮುಖಂಡ ಹೇಳಿಕಳಿಸಿದ: ಬೇಲಿಯಾಚೆ ನಿಂತು ಗುರುತಿಗೆ ಮೈಬಣ್ಣದ ಹೆಸರು ಹೇಳಿ, ಹೊಡೆದುಕೊಂಡು ಹೋಗಿ. ಹೊತ್ತು ಮುಳುಗುವುದರೊಳಗೆ ಯಾರೂ ಹೇಳದಿದ್ದರೆ ಸೀಮೆ ಆಳುವ ಒಡೆಯರ ಹಿಂಡಿಗೆ.

ನಮ್ಮ ಜುಲು ಗುಡ್ಡಗಳಲ್ಲಿ ದನದ ಬಣ್ಣ ಕಪ್ಪು ಬಿಳಿಗೆ ಮುಗಿಯುವುದಿಲ್ಲ. ಮಜ್ಜಿಗೆಗೆ ಬಿದ್ದ ನೊಣ ಅನ್ನುವುದೂ ಒಂದು ಬಣ್ಣವೇ. ಈ ಹಸು ಕೆನೆಬಣ್ಣ, ಮೇಲೆ ಕಂದು ಚುಕ್ಕೆ. ಹುಲ್ಲಿನ ನಡುವೆ ನೆಲದಲ್ಲೇ ಗೂಡು ಮಾಡುವ ಒಂದು ಪುಟ್ಟ ಹಕ್ಕಿಯ ಮೊಟ್ಟೆಯ ಹಾಗೆ. ಬಣ್ಣಕ್ಕೂ ಆ ಹಕ್ಕಿಯ ಹೆಸರೇ. ದುರದೃಷ್ಟಕ್ಕೆ ಭೆಕುಯಿಸೆಯ ಅಜ್ಜನದೂ ಅದೇ ಹೆಸರು. ಸೊಸೆಯಾಗಿ ಬಂದವಳು ಗಂಡನ ಮನೆಯ ಹಿರಿಯರ ಹೆಸರು ಬಾಯಿಗೆ ತರುವಂತಿಲ್ಲ. ಅಜ್ಜಿ ತರಲಿಲ್ಲ, ಅಮ್ಮ ತರಲಿಲ್ಲ, ಮಾಖೋಜಾ ತರಲಿಲ್ಲ. ಅದೇ ಮನೆತನಕ್ಕೆ ಸೊಸೆಯಾಗಿ ಬಂದ ನಾನೂ ಇಲ್ಲಿ ಬರೆಯುತ್ತಿಲ್ಲ. ಹಕ್ಕಿಯನ್ನು ನಾವು ಓಡುಕಾಲಿ ಎಂದುಬಿಡುತ್ತೇವೆ. ಗಂಡಸರೋ, ಅಜ್ಜನನ್ನು ಕುಲದ ಹೆಸರಿನಿಂದ ಕರೆದರು. ಹೀಗೆ ಆ ಶಬ್ದ ಗೌರವಕ್ಕೆ ಸಿಕ್ಕಿ ಆ ಮನೆಯಲ್ಲಿ ಉಸಿರುಗಟ್ಟಿ ಸತ್ತಿತ್ತು.

"ಓಡುಕಾಲಿ ಮೊಟ್ಟೆ," ಎಂದ ಭೆಕುಯಿಸೆ ಬೇಲಿಯಾಚೆಯಿಂದ.

"ಅದು ಸೊಸೆಯಂದಿರ ಮಾತು ಕಣಯ್ಯಾ," ಮುಖಂಡ ನಕ್ಕ. "ನೀನ್ಯಾವಾಗ ಸೊಸೆಯಾದೆ?"

"ನಾಲಿಗೆ ತುದೀಲೇ ಇದೆ ಬಾಬಾ. ನೆಲದ ಮೇಲೆ ಓಡುತ್ತಲ್ಲ, ಹತ್ರ ಹೋದ್ರೆ ಪುರ್ರಂತ... ಕೌಜುಗ?"

"ಕೌಜುಗದ ಮೊಟ್ಟೆ ನೋಡಿದ್ದೀಯಾ?"

"ತಿಂದಿದ್ದೀನಿ."

ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭೆಕುಯಿಸೆ ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಲ್ವೇನೇ? ಮೊದಲಕ್ಷರ ಆದ್ರೂ ಹೇಳೇ!"

"ಹ್ಲೆಂಗಿವೆ ಅಪ್ಪಾ, ಅವರ ಹೆಸರನ್ನ ಅರ್ಧ ಹೇಳಿದ್ರೆ ಅರ್ಧ ಗೌರವಾನಾ? ಸ್ವಂತ ಅಜ್ಜನ ಹೆಸರು ಗೊತ್ತಿಲ್ವಲ್ರೀ ನಿಮಗೆ!"

"ನಾನು ಹುಟ್ಟೋಕೆ ಮುಂಚೆ ಹೋದ್ರು. ನೀವೆಲ್ಲ ಬಾಯಿಗೆ ಬೀಗ ಹಾಕ್ಕೊಂಡ್ರೆ ನಂಗೆ ಹೇಳೋರ್ಯಾರು?"

ಮತ್ತೆ ಹಣೆ ತಿಕ್ಕಿದ. ಬುರ್ಲಿ ಎಂದ. ಪಾರಿವಾಳ ಎಂದ. ಸಿಟ್ಟಿಗೆ ಒಮ್ಮೆ ಉಷ್ಟ್ರಪಕ್ಷಿ ಎಂದೂ ಎಂದ. ಹೊತ್ತಿಳಿದು ಬಿಸಿಲು ಗುಡ್ಡದ ನೆತ್ತಿಯಲ್ಲಷ್ಟೇ ಉಳಿಯಿತು. ಮುಖಂಡ ಎದ್ದು, ಹಸುವನ್ನು ಒಡೆಯರ ಕಡೆಯವರಿಗೆ ಒಪ್ಪಿಸಲು ಹಗ್ಗ ಬಿಚ್ಚಿದ.

ಆಗ ಮಾಖೋಜಾ ತಲೆವಸ್ತ್ರ ಕಣ್ಣಿನವರೆಗೆ ಎಳೆದುಕೊಂಡಳು. ಗುಡ್ಡದ ಕಡೆ ಮುಖ ತಿರುಗಿಸಿ ಆ ಹೆಸರನ್ನು ಕೂಗಿಬಿಟ್ಟಳು. ಇಡೀ, ಒಂದೂ ಅಕ್ಷರ ನುಂಗದೆ.

ಯಾರೂ ನಗಲಿಲ್ಲ.

"ಹಸು ಯಾರದ್ದೋ ಅವರೇ ಹೇಳಿದ್ರು," ಎಂದು ಮುಖಂಡ ಮೆತ್ತಗೆ ಹಗ್ಗ ಅವಳ ಕೈಗಿಟ್ಟ. ಹೆಸರೆತ್ತಿದ ತಪ್ಪಿಗೆ, ತೀರಿಹೋದ ಅಜ್ಜನ ಕೋಪ ಇಳಿಸಲು ಒಂದು ಮೇಕೆ ಕೊಯ್ಯಬೇಕೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಭೆಕುಯಿಸೆ ಮಾತ್ರ ತೊಡೆ ತಟ್ಟಿಕೊಂಡ. "ಅದೇ! ಅದನ್ನೇ ನಾನು ಹೇಳೋಕೆ ಹೊರಟಿದ್ದು!"

ಹೊಳೆ ದಾಟುವಾಗ ಅವನ ಹೆಜ್ಜೆ ನಿಧಾನವಾಯಿತು. ಹಣೆಗೆ ಮತ್ತೆ ಕೈ ಹೋಯಿತು.

"ಮಾಖೋಜಾ, ಆಗ ಏನಂದೆ? ಇನ್ನೊಂದ್ಸಲ ಹೇಳು."

"ಇನ್ನೊಂದು ಮೇಕೆ ಇದ್ಯಾ ನಿಮ್ಮ ಹತ್ರ?"