ಹೇಂಟೆಗೊಂದು ಕೋಟು

ನಮ್ಮತ್ತೆ ದರ್ಜಿ. ಅವರ ಹತ್ತಿರ ಹೊಲಿಸಿಕೊಂಡವರು ಯಾರಾದರೂ ಬಟ್ಟೆ ಬಿಗಿಯಾಯಿತೆಂದು ವಾಪಸು ಬಂದರೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಬಟ್ಟೆ ಸರಿಯಾಗೇ ಇದೆ, ನೀವೇ ಒಂದು ಸುತ್ತು ಊದಿದ್ದೀರಿ" ಎಂದುಬಿಡುತ್ತಾರೆ. ಗಿರಾಕಿ ತೆಪ್ಪಗೆ ಹೊರಟುಹೋಗುತ್ತಾರೆ. ಅತ್ತೆಯ ಮುಂದೆ ಬಾಯಿ ಬಿಡುವ ಧೈರ್ಯ ಯಾರಿಗಿದೆ?

ಅಂಗಡಿಯ ಹಿಂದಿನ ಅಂಗಳದಲ್ಲಿ ಅವರು ಕೋಳಿ ಸಾಕಿದ್ದಾರೆ. ಹೆಸರುಗಳೂ ಹೊಲಿಗೆಯವೇ: ಒಂದು ಬಾಬಿನ್, ಇನ್ನೊಂದು ಗುಂಡಿ, ಎಲ್ಲಕ್ಕಿಂತ ಮುದ್ದಿನ ಹೇಂಟೆ ಕಾಜಾ. ಮರಿಯಾಗಿದ್ದಾಗ ತಾಯಿಕೋಳಿ ಕುಕ್ಕಿ ಓಡಿಸಿದ್ದ ಕಾಜಾಳನ್ನು ಅತ್ತೆ ಚೂರುಬಟ್ಟೆಯ ಬುಟ್ಟಿಯಲ್ಲಿಟ್ಟು, ಹೊಲಿಗೆ ಯಂತ್ರದ ದೀಪದ ಕೆಳಗೆ ಬದುಕಿಸಿದ್ದರು. ಮನೆಯಲ್ಲಿ ನಮಗೆಲ್ಲ ಬೈಗುಳ, ಮುದ್ದೇನಿದ್ದರೂ ಅದಕ್ಕೇ.

ಆ ವರ್ಷ ಚಳಿಯೂ ಮಳೆಯೂ ಕೈಕೈ ಹಿಡಿದು ಬಂದವು. ಕೋಳಿಗಳು ಗರಿ ಉದುರಿಸಲು ಅದೇ ಹೊತ್ತನ್ನು ನೋಡಿಕೊಂಡವು. ಬಾಬಿನ್, ಗುಂಡಿ ಅಲ್ಲಲ್ಲಿ ಬೋಳಾದವು, ಅಷ್ಟೆ. ಕಾಜಾ ಮಾತ್ರ ಒಂದು ಬೆಳಗ್ಗೆ ಗೂಡಿನಿಂದ ಈಚೆ ಬಂದಾಗ ಕತ್ತು, ಬೆನ್ನು, ಬಾಲ ಎಲ್ಲೂ ಗರಿಯ ಸುಳಿವೇ ಇರಲಿಲ್ಲ. ನನಗೆ ನಗು ಉಕ್ಕಿ ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ.

ಕೋಳಿ ನೋಡುವ ಡಾಕ್ಟರಮ್ಮನಿಗೆ ಫೋನು ಹೋಯಿತು. "ರೋಗ ಅಲ್ಲಮ್ಮ, ಹಳೇ ಗರಿ ಹೋಗಿ ಹೊಸದು ಬರ್ತಿದೆ. ಒದ್ದೆ ಆಗದ ಹಾಗೆ ಬೆಚ್ಚಗಿಡಿ. ಬೇಯಿಸಿದ ಮೊಟ್ಟೆ, ಮೀನು ಕೊಡಿ. ಆದಷ್ಟು ಮೈ ಮುಟ್ಟಬೇಡಿ" ಎಂದರು ಅವರು. ಅತ್ತೆಯ ಕಿವಿಗೆ ಬಿದ್ದದ್ದು ‘ಬೆಚ್ಚಗಿಡಿ’ ಎಂಬುದೊಂದೇ. ಬೆಚ್ಚಗಿಡುವುದಕ್ಕೆ ದರ್ಜಿಗೆ ಗೊತ್ತಿರುವ ದಾರಿಯೂ ಒಂದೇ. ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ, ಟೇಪು ಹಿಡಿದು ಕಾಜಾಳ ಎದೆ, ಬೆನ್ನು ಅಳೆದರು. ಉಣ್ಣೆಯ ಕೋಟು, ಒಳಗೆ ಅಸ್ತರು, ರೆಕ್ಕೆಗೆ ಕಿಂಡಿ, ಹೊಟ್ಟೆಯ ಕೆಳಗೆ ಗುಂಡಿ. ನನ್ನ ಮದುವೆಯ ಬಟ್ಟೆಗೂ ಅಷ್ಟು ಅಚ್ಚುಕಟ್ಟಾದ ಹೊಲಿಗೆ ಬಿದ್ದಿರಲಿಲ್ಲ.

ಕೋಟು ತೊಟ್ಟ ಕಾಜಾ ನಿಂತಲ್ಲಿಂದ ಕದಲಲಿಲ್ಲ.

"ಹೊಸ ಬಟ್ಟೆ ಅಲ್ವಾ, ನಾಚಿಕೆ" ಎಂದರು ಅತ್ತೆ.

ಮಾರನೆಯ ದಿನ ಅದು ಕಾಳು ಮುಟ್ಟಲಿಲ್ಲ. ಆಮೇಲೆ ನೀರೂ ಬೇಡವಾಯಿತು. ಮೂಲೆ ಹಿಡಿದು ಕಣ್ಣು ಮುಚ್ಚಿ ನಿಂತುಬಿಟ್ಟಿತು. ಅತ್ತೆಗೆ ಕೆಲಸ ಕೈಗೆ ಹತ್ತಲಿಲ್ಲ. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಇದು ಉಳಿಯಲ್ಲ ಕಣೇ" ಎಂದರು. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೈಸಿಕೊಂಡರೆ ಬೈಸಿಕೊಳ್ಳುತ್ತೇನೆಂದು ಕೇಳಿಯೇಬಿಟ್ಟೆ. "ಅತ್ತೆ, ಗಿರಾಕಿಗೆ ತೊಡಿಸಿ, ಎಲ್ಲಿ ಹಿಡೀತಿದೆ ಅಂತ ಕೇಳ್ತೀರಲ್ಲ. ಇದನ್ನ ಕೇಳಿದ್ರಾ?"

ಅತ್ತೆ ಮೆಲ್ಲಗೆ ಕೋಟಿನ ಗುಂಡಿ ಬಿಚ್ಚಿದರು. ಗೂಡಿನ ತೇವ ಹೀರಿ ಒಳಗೆ ಅಸ್ತರು ತಣ್ಣಗೆ ಒದ್ದೆಯಾಗಿತ್ತು. ಕಾಜಾಳ ಬೆನ್ನ ತುಂಬ ಹೊಸ ಗರಿಗಳು ಮುಳ್ಳಿನ ಹಾಗೆ ಮೊಳೆತಿದ್ದವು. ಕೋಟು ಒತ್ತಿ ಕೆಲವು ಬಾಗಿದ್ದವು, ಒಂದೆರಡರ ಬುಡದಲ್ಲಿ ರಕ್ತ ಜಿನುಗಿತ್ತು. ಅತ್ತೆ ಬೆರಳ ತುದಿ ತಾಗಿಸಿದ್ದೇ ತಡ, ಕಾಜಾ ಚೀರಿತು. ಮುಟ್ಟಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ಯಾಕೆಂದು ಆಗ ಇಬ್ಬರಿಗೂ ತಿಳಿಯಿತು.

"ತಪ್ಪು ನಂದೇ ಕಣೇ. ಇಷ್ಟು ನೋವು ಹೇಗೆ ತಡ್ಕೊಂಡೆ?" ಎಂದರು ಅತ್ತೆ. ಕೇಳಿದ್ದು ನನ್ನನ್ನಲ್ಲ, ಕಾಜಾಳನ್ನು.

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಗೂಡಿನ ಒದ್ದೆ ಹೊಟ್ಟನ್ನೆಲ್ಲ ಬಾಚಿ ತೆಗೆದು ಒಣ ಹೊಟ್ಟು ಹಾಸಿದೆವು. ರೈನ್‌ಕೋಟಿನ ಬಟ್ಟೆಯಿಂದ ಅತ್ತೆ ಗಾಳಿ ಬೀಸುವ ಕಡೆಗೆ ಪರದೆ ಹೊಲಿದರು, ಉಸಿರಾಡಲು ಮೇಲೆ ಮಾತ್ರ ಸಂದು ಬಿಟ್ಟರು. ನಾನು ಮೊಟ್ಟೆ ಬೇಯಿಸಿ ಪುಡಿ ಮಾಡಿಟ್ಟೆ. "ಅದು ಇಟ್ಟಿದ್ದನ್ನ ಅದಕ್ಕೇ ಬಡಿಸ್ತಿದ್ದೀವಿ" ಎಂದೆ. ಅತ್ತೆ ನಗಲಿಲ್ಲ. ಮೈ ಸವರುವ ಆಸೆ ತಡೆಯಲಾರದೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾದರು.

ಮರುದಿನ ಮಧ್ಯಾಹ್ನ ಕಾಜಾ ಕಣ್ಣು ಬಿಟ್ಟು, ತಟ್ಟೆಯನ್ನು ಒಮ್ಮೆ ಕುಕ್ಕಿತು. ಮತ್ತೆ ಕುಕ್ಕಿತು. ಪಾಲು ಕೇಳಿ ಬಂದ ಬಾಬಿನ್ ಅನ್ನೂ ಅಟ್ಟಿತು.

"ತಿಂತಿದೆ ಕಣೇ, ಜಗಳಾನೂ ಆಡ್ತಿದೆ" ಎಂದು ಅತ್ತೆ ನನ್ನ ಭುಜಕ್ಕೆ ತಲೆಯಾನಿಸಿ ಅತ್ತರು. ನನಗೂ ಹೋದ ಜೀವ ಬಂದಂತಾಯಿತು.

ಗರಿ ಪೂರ್ತಿ ತುಂಬಿಕೊಂಡ ಮೇಲೆ ಒಂದು ದಿನ ಕಾಜಾ ಜಡಿಮಳೆಯಲ್ಲೇ ಅಂಗಳಕ್ಕೆ ಇಳಿಯಿತು. ನಾನು ಕೊಡೆ ಹಿಡಿದು ಓಡಿದೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು. ಹೊಸ ಗರಿಗಳ ಮೇಲಿಂದ ನೀರು ಹನಿಹನಿಯಾಗಿ ಜಾರಿಹೋಗುತ್ತಿತ್ತು.

"ಬಿಡು, ಓಡಾಡ್ಲಿ. ಮೈತುಂಬ ಅದರದ್ದೇ ಬಟ್ಟೆ ಇದೆ" ಎಂದರು. ತಮ್ಮ ತಲೆ ನೆನೆಯುತ್ತಿದ್ದುದು ಅವರಿಗೆ ಗೊತ್ತೇ ಇರಲಿಲ್ಲ.