ಬಾರಿಕಂಟಿಯ ಬುಡದಲ್ಲಿದ್ದ ನವಿಲು

ಆ ಹೆಣ್ಣುನವಿಲು ನಮ್ಮ ಓಣಿಗೆ ಬಂದ ದಿನ ಎಲ್ಲರೂ ಖುಷಿಯಿಂದ ಹೊರಗೆ ಬಂದು ನಿಂತರು. ನಾನೊಬ್ಬ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

ಬೆಟಗೇರಿಯಲ್ಲಿ ನಮ್ಮದು ನೇಕಾರರ ಓಣಿ. ನಮ್ಮ ಮನೆಯ ಮಗ್ಗ ಅಪ್ಪನ ಕಾಲಕ್ಕೇ ನಿಂತಿತು. ನಾನು ಲೇಔಟ್ ಮಾಡುವವರ ಹತ್ತಿರ ಕೆಲಸಕ್ಕಿದ್ದೇನೆ. ಜಾಗ ಅಳೆಸುವುದು, ಗಿಡಗಂಟಿ ತೆಗೆಸುವುದು, ಗಡಿಕಲ್ಲು ನೆಡಿಸುವುದು ನನ್ನ ಕೆಲಸ. ಆ ಮಳೆಗಾಲ ಊರ ಹೊರಗಿನ ಜಾಲಿ ಬಯಲನ್ನು ಹಸನು ಮಾಡಿಸುತ್ತಿದ್ದೆ. ಜೆಸಿಬಿ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬಂದ.

"ಅಣ್ಣಾರ, ಆ ಬಾರಿಹಣ್ಣಿನ ಕಂಟಿ ಬುಡಕ ನವಲ ಕಾವಿಗೆ ಕುಂತೈತ್ರಿ. ನಾಕ ತತ್ತಿ ಅದಾವು. ಅದೊಂದು ಮೂಲಿ ಬಿಡೂಣೇನ್ರಿ?"

"ಮುಂದಿನ ವಾರ ಮಂದಿ ಸೈಟ್ ನೋಡಾಕ ಬರ್ತಾರ. ಹೊಡಿ."

"ಒಮ್ಮೆ ನೀವ ಬಂದು ನೋಡ್ರಿ."

ನಾನು ಹೋಗಲಿಲ್ಲ. ನೋಡಿದರೆ ಬಿಡಬೇಕಾಗುತ್ತದೆಂದು ಗೊತ್ತಿತ್ತು. ಫೋನ್ ನೋಡುತ್ತ ನಿಂತೆ. ಗಾಡಿಯ ಸದ್ದಿನ ನಡುವೆ ಹಕ್ಕಿಯೊಂದು ರೆಕ್ಕೆ ಬಡಿದು ಹೋದದ್ದಷ್ಟೇ ಕಂಡಿತು.

ಮೂರನೆಯ ದಿನ ಅದು ನಮ್ಮ ಓಣಿಯಲ್ಲಿತ್ತು. ನಿಲ್ಲಿಸಿದ ಗಾಡಿಗಳ ಕೆಳಗೆ, ನೀರಿನ ಟಾಕಿಯ ಸಂದಿಯಲ್ಲಿ ಕೊರಳು ಚಾಚಿ ಇಣುಕುತ್ತಿತ್ತು. ಎದುರು ಮನೆಯ ಅಕ್ಕ ಮಗ್ಗದಿಂದೆದ್ದು ಬಂದು ಜೋಳ ಚೆಲ್ಲಿದಳು.

"ಏನೋ ಹುಡಕಾಕತ್ತೈತಿ ನೋಡ ತಮ್ಮಾ. ಎಲ್ಲಿಂದ ಬಂದಿದ್ದೀತು?"

"ಯಾರಿಗ್ಗೊತ್ತಕ್ಕ," ಎಂದೆ, ಬಾಗಿಲ ಸಂದಿಯಿಂದಲೇ.

ಮರುದಿನ ಮಧ್ಯಾಹ್ನ ನಾಯಿಗಳು ಅದನ್ನು ಹಿಡಿದವು. ಅಕ್ಕ ಚೀರುತ್ತ ಓಡಿ ಬಂದಳು. ನಾನು ಚಾದರ ಹೊದಿಸಿ ಹಕ್ಕಿಯನ್ನು ಬಿಡಿಸಿಕೊಂಡೆ. ರೆಕ್ಕೆ ಹರಿದು ರಕ್ತ ಸುರಿಯುತ್ತಿತ್ತು. ಇಬ್ಬರೂ ಆಟೋ ಹಿಡಿದು ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯಕ್ಕೆ ಒಯ್ದೆವು. ಅಲ್ಲಿಯ ಸಿಬ್ಬಂದಿಯೊಬ್ಬರು ಹಕ್ಕಿಯನ್ನು ಮಗ್ಗುಲಾಗಿಸಿ ಹೊಟ್ಟೆಯ ಕೆಳಗೆ ತೋರಿಸಿದರು. ಪುಕ್ಕ ಉದುರಿ ಬರೀ ಚರ್ಮ ಕಾಣುತ್ತಿತ್ತು.

"ಕಾವಿಗೆ ಕುಂತಿದ್ದ ಹಕ್ಕಿರಿ ಇದು. ಎಲ್ಲ್ಯೋ ಗೂಡು ಹಾಳಾಗೇತಿ. ಜಾಗ ಗೊತ್ತಾದ್ರ ಹೇಳ್ರಿ, ಬ್ಯಾರೆ ಗೂಡರ ಉಳಸಬಹುದು."

"ಗೊತ್ತಿಲ್ರಿ," ಎಂದೆ. ಬೆಳಿಗ್ಗೆ ನಾನು ಬಿಟ್ಟು ಬಂದಾಗ ಅರ್ಧ ಬಯಲು ಇನ್ನೂ ಗಿಡಗಂಟಿ ತುಂಬಿ ಹಾಗೇ ಇತ್ತು, ಗಾಡಿ ನಡೆದಿತ್ತು.

ವಾಪಸ್ ಬರುವಾಗ ಆಟೋದಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ತತ್ತಿ ಹುಡಕೋತ ನಮ್ಮ ಓಣಿತನಾ ಬಂದಿತ್ತು." ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಡ್ರೈವರ್ ಕೇಳಿದ್ದು, ನಾನು ಹೊಡಿ ಎಂದದ್ದು, ನೋಡಲು ಹೋಗದೇ ಇದ್ದದ್ದು.

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಆಟೋದವನ ಭುಜ ತಟ್ಟಿ, "ಹೊಳ್ಳಿಸಪಾ," ಎಂದಳು. ಆಟೋ ತಿರುಗಿ ಬಿಂಕದಕಟ್ಟಿಗೆ ಹೊರಟಿತು.

ಸಂಗ್ರಹಾಲಯದ ಆ ಸಿಬ್ಬಂದಿಯೆದುರು ಮತ್ತೆ ನಿಂತು ಎಲ್ಲ ಹೇಳಿದೆ. ಅವರು ಇನ್ನೊಬ್ಬರನ್ನು ಕರೆದುಕೊಂಡು ನಮ್ಮ ಜೊತೆಗೇ ಹೊರಟರು. ನಾನು ಡ್ರೈವರ್‌ಗೆ ಫೋನ್ ಮಾಡಿದೆ, ಅವನು ಎತ್ತಲಿಲ್ಲ. ನಾವು ಹೋಗುವಷ್ಟರಲ್ಲಿ ಬಯಲು ಅಂಗೈಯಂತೆ ಸಪಾಟಾಗಿತ್ತು. ಡ್ರೈವರ್ ಗಾಡಿಯ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ.

"ಈ ಕಡೆ ಏನರ ಗೂಡು ಕಂಡ್ವೇನಪಾ?" ಎಂದು ಸಿಬ್ಬಂದಿ ಕೇಳಿದರು.

ಅವನು ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, "ಇವತ್ತ ನಾ ನೋಡಾಕ ಹೋಗಲಿಲ್ರಿ," ಎಂದ.

ನೋಡದೇ ಇರುವುದನ್ನು ಅವನಿಗೆ ಕಲಿಸಿದವನು ನಾನು. ಅದನ್ನು ಅಲ್ಲಿ ಎಲ್ಲರೆದುರು ಹೇಳಬೇಕಾಗಿತ್ತು, ಹೇಳಲಿಲ್ಲ.

ನವಿಲು ಬದುಕಿತು, ಆದರೆ ಆ ರೆಕ್ಕೆ ಮೇಲೇಳುವುದಿಲ್ಲ. ಅಕ್ಕ ಆಗಾಗ ಬಸ್ಸು ಹತ್ತಿ ಬಿಂಕದಕಟ್ಟಿಗೆ ಹೋಗಿ ಅದನ್ನು ನೋಡಿ ಬರುತ್ತಾಳೆ. ಹೋಗುವಾಗ ನಮ್ಮ ಬಾಗಿಲ ಮುಂದೆ ನಿಂತು, "ಬರ್ತಿಯೇನು?" ಎಂದು ಕೇಳುತ್ತಾಳೆ. ನಾನು ಪ್ರತಿ ಸಲ ಏನಾದರೂ ಕೆಲಸದ ನೆವ ಹೇಳುತ್ತೇನೆ.