ಅತ್ತೆಯ ಎಡಗೈ ಗಡಿಯಾರ

ಗಜೇಂದ್ರಗಡದ ನಮ್ಮ ಸೋದರತ್ತೆ ಸೀರೆ ಮಾರುವುದನ್ನು ನೋಡಿದರೆ ಯಾವ ವ್ಯಾಪಾರಸ್ಥನಿಗಾದರೂ ತಲೆ ಕೆಡಬೇಕು. ಗಿರಾಕಿ ಬಂದು ಕೂತ ಕೂಡಲೇ ಮಡಿಕೆ ಬಿಚ್ಚಿ, ನೇಯುವಾಗ ಎಳೆ ಹರಿದು ಎಲ್ಲಿ ಗಂಟು ಹಾಕಿದ್ದಾಳೋ ಆ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ನೋಡ್ರಿ, ಇಲ್ಲಿ ತಪ್ಪೈತಿ" ಅನ್ನುತ್ತಾಳೆ. ಸೆರಗು ತೋರಿಸುವುದು ಆಮೇಲೆ. ಅವಳ ಅತ್ತೆಯೂ ಹೀಗೇ ಮಾರುತ್ತಿದ್ದಳಂತೆ. ಸೀರೆಯ ಮಟ್ಟಿಗೆ ಈ ರೀತಿಯನ್ನು ನಾನೂ ಮೆಚ್ಚಿಕೊಂಡಿದ್ದೆ. ಗಡಿಯಾರ ಮಾರುವಾಗಲೂ ಹೀಗೇ ಮಾಡಿಯಾಳು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಆ ಕೈಗಡಿಯಾರಗಳು ಮಾವನವು. ಅವನು ಸೀರೆ ಗಂಟು ಹೊತ್ತು ಪುಣೆ, ಮುಂಬೈಗೆ ಹೋಗುತ್ತಿದ್ದ ಕಾಲಕ್ಕೆ ಸೆಲ್ಲಿನ ಗಡಿಯಾರಗಳು ಬಂದಿದ್ದವು. ಕೀಲಿ ಕೊಡುವ ಹಳೆಯವನ್ನು ದೊಡ್ಡ ಮನೆಯವರೂ ಕೇಳಿದ ಬೆಲೆಗೆ ಕೊಟ್ಟುಬಿಡುತ್ತಿದ್ದರು. ಬಂಗಾರದವು, ಚಂದ್ರನ ಕಳೆ ತೋರಿಸುವವು, ಬಿಲ್ಲೆಯಷ್ಟು ತೆಳ್ಳಗಿನವು, ಎಲ್ಲ ಸ್ವಿಸ್ ಗಡಿಯಾರ. ಮಾವ ಒಂದೊಂದಾಗಿ ಕೊಂಡು ತಂದ. ಭಾನುವಾರ ಅವನ್ನು ಹಾಸಿಗೆಯ ಮೇಲೆ ಸಾಲಾಗಿಟ್ಟು ಕೀಲಿ ಕೊಡುತ್ತ ಕೂತಾಗ ಅವನ ಮುಖ ನೋಡಬೇಕಿತ್ತು. ಅವನು ತೀರಿಕೊಂಡ ಮೇಲೆ ಎಲ್ಲವೂ ಟ್ರಂಕಿನೊಳಗೆ ಹೋದವು. ದಿನವೂ ಅವನ ಕೈಮೇಲಿರುತ್ತಿದ್ದ ಸ್ಟೀಲಿನದೊಂದನ್ನು ಮಾತ್ರ ಅತ್ತೆ ತಾನೇ ಕಟ್ಟಿಕೊಂಡಳು. ಬಳೆಯಿಲ್ಲದ ಆ ಎಡಗೈಗೆ ಗಂಡಸರ ದೊಡ್ಡ ಗಡಿಯಾರ. ಮಗ್ಗಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ.

ಈಚೆಗೆ ಅವಳ ಮಗ್ಗದ ಮನೆ ಮಾರಾಟಕ್ಕೆ ಬಂತು. ಅದು ಬಾಡಿಗೆಯದು. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗಗಳು, ಎತ್ತಿಕೊಂಡು ಬೇರೆಡೆ ಹೋಗುವಂಥವಲ್ಲ. ಅತ್ತೆಯ ಜೊತೆ ಓಣಿಯ ಇನ್ನೂ ಕೆಲವು ಹೆಣ್ಣುಮಕ್ಕಳು ಅಲ್ಲೇ ನೇಯುತ್ತಾರೆ. ಬೇರೆಯವರು ಕೊಂಡರೆ ಕುಣಿ ಮುಚ್ಚಿ ಅಂಗಡಿ ಕಟ್ಟುವುದು ಖಂಡಿತ. ಮಾಲೀಕ ಒಳ್ಳೆಯವನು, ಮೊದಲು ಅತ್ತೆಯನ್ನೇ ಕೇಳಿದ. ಅತ್ತೆ ಟ್ರಂಕು ತೆಗೆದಳು. ನಾನು ರೋಣದಿಂದ ಬಂದು, ಮೊಬೈಲಿನಲ್ಲಿ ಒಂದೊಂದರ ಫೋಟೋ ತೆಗೆದು, ಹುಬ್ಬಳ್ಳಿಯ ಹಳೆ ಗಡಿಯಾರದ ವ್ಯಾಪಾರಿಯೊಬ್ಬರಿಗೆ ಕಳಿಸಿದೆ. ಅವರು ಫೋನಿನಲ್ಲಿ ಹೇಳಿದ ಅಂದಾಜು ಕೇಳಿ ಅತ್ತೆಯನ್ನು ಅಪ್ಪಿಕೊಂಡೆ. ಮನೆ ಕೊಂಡು ಮಿಗುವಷ್ಟಿತ್ತು.

ವ್ಯಾಪಾರಿ ಬಂದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವ ಮೊದಲೇ ಅತ್ತೆ ಶುರು ಮಾಡಿದಳು.

"ಇದು ಮಳೆಗಾಲದಾಗ ನಿಂತಬಿಡತೈತ್ರಿ. ಇದರ ಕೀಲಿ ತಿರುವೂದು ಬ್ಯಾರೇ ಗಡಿಯಾರದ್ದು. ಇದನ್ನ ಕೆಳಗ ಕೆಡವೇನ್ರಿ, ಒಳಗ ಏನಾಗೇತೋ ಗೊತ್ತಿಲ್ಲ."

ನಾನು ಅವಳ ತೊಡೆ ಚಿವುಟಿದೆ. "ಸುಮ್ನಿರಬೇ ಅತ್ತಿ, ಅವರು ನೋಡ್ತಾರ!"

"ಅವರು ನೋಡೂದು ಅವರ ಕೆಲಸ. ಹೇಳೂದು ನಂದು."

ವ್ಯಾಪಾರಿ ಒಂದನ್ನು ತಿರುಗಿಸಿ ನೋಡಿ, "ಇವು ಇಷ್ಟ್ಯಾಕ ಹೊಳೀತಾವ್ರೀ ಅಮ್ಮಾರ?" ಎಂದರು.

ಅತ್ತೆ ಹಿಗ್ಗಿದಳು. ದಸರೆಯ ಖಂಡೇಪೂಜೆಗೆ ಲಾಳಿ, ಕತ್ತರಿಯ ಜೊತೆ ಗಡಿಯಾರಗಳನ್ನೂ ರಂಗೋಲಿ ಪುಡಿ ಹಾಕಿ ತಿಕ್ಕಿ, ಕುಂಕುಮ ಹಚ್ಚಿ ಪೂಜೆಗಿಡುತ್ತಿದ್ದಳಂತೆ. ಆ ಮನುಷ್ಯ ಹಣೆ ಒತ್ತಿಕೊಂಡರು. ಹಳೆಯ ಗಡಿಯಾರ ತಿಕ್ಕಿದಷ್ಟೂ ಅಂಚು ಸವೆದು ಬೆಲೆ ಇಳಿಯುತ್ತದಂತೆ. ದೇವರಿಗೆಂದು ಮಾಡಿದ್ದು ಹೀಗೆ ತಿರುಗಿ ಬಂತಲ್ಲ ಎಂದು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಉಳಿದದ್ದು ಎಲ್ಲಕ್ಕಿಂತ ದೊಡ್ಡ ಬೆಲೆಯ ಬಂಗಾರದ ಗಡಿಯಾರ. ಅದೃಷ್ಟಕ್ಕೆ ಅದು ಹೆಚ್ಚು ಸವೆದಿರಲಿಲ್ಲ. ವ್ಯಾಪಾರಿ ಬಹಳ ಹೊತ್ತು ನೋಡಿ ಮೊದಲಿನ ಬೆಲೆಯನ್ನೇ ಹೇಳಿದರು.

"ತಡೀರಿ," ಅಂದಳು ಅತ್ತೆ. "ಇದರೊಳಗ ನೀರು ಹೊಕ್ಕಿತ್ತು. ಮುಖದ ಮ್ಯಾಲಿನ ಅಂಕಿ ಎಲ್ಲಾ ಅಳಿಸಿ ಹೊಸದಾಗಿ ಬರಸ್ಯಾರ್ರಿ. ನಮ್ಮ ಮನಿಯವರ ಮಾಡಿಸಿದ್ರು."

ವ್ಯಾಪಾರಿ ಮತ್ತೆ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡರು. "ಖರೇ ಹೇಳ್ತೇನ್ರೀ, ನನಗ ಗೊತ್ತಾಗಿದ್ದಿಲ್ಲ," ಅಂದು ಬೆಲೆ ಇಳಿಸಿದರು. ಎಲ್ಲ ಸೇರಿಸಿದರೂ ಮಗ್ಗದ ಮನೆಗೆ ಕಡಿಮೆ ಬಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ. ಬಂದು ನೋಡಿದರೆ ವ್ಯಾಪಾರಿಯ ಕಣ್ಣು ಅತ್ತೆಯ ಕೈಮೇಲಿತ್ತು.

"ಅದು ಕೊಡ್ತೀರೇನ್ರೀ?"

"ಇದು ಮಾರಾಕ ಅಲ್ರಿ."

ಅವರು ಒತ್ತಾಯ ಮಾಡಲಿಲ್ಲ. ಅದಕ್ಕೆ ಯಾರೂ ಪುಡಿ ಹಾಕಿ ತಿಕ್ಕಿಲ್ಲ, ಹುಟ್ಟಿದ ಹಾಗೇ ಇದೆ, ಕೊಟ್ಟರೆ ಬಂಗಾರದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದಷ್ಟೇ ಹೇಳಿದರು. ಅದು ನಿಜ. ಪೂಜೆಗೆ ವೇಳೆ ನೋಡಲು ಒಂದಾದರೂ ಕೈಮೇಲೆ ಬೇಕಲ್ಲ ಎಂದು ಮಾವ ಅದನ್ನೆಂದೂ ತಿಕ್ಕಲು ಕೊಟ್ಟಿರಲಿಲ್ಲ.

ಗೋಡೆಯಾಚೆ ಮಗ್ಗಗಳು ಸದ್ದು ಮಾಡುತ್ತಿದ್ದವು. ಅತ್ತೆ ಅತ್ತ ಕಿವಿಗೊಟ್ಟಳು. ಆಮೇಲೆ ಪಟ್ಟಿ ಬಿಚ್ಚಿ ಗಡಿಯಾರವನ್ನು ಅವರ ಮುಂದಿಟ್ಟು, ಬೆರಳು ತೋರಿಸಿದಳು.

"ಇಲ್ಲಿ ಗೀರು ಬಿದ್ದೈತಿ ನೋಡ್ರಿ. ಅದು ನಂದ, ಮಗ್ಗಕ್ಕ ಬಡದದ್ದು. ಆಮ್ಯಾಲ, ದಿನಾ ಒಂಚೂರು ಹಿಂದ ಬೀಳತೈತ್ರಿ. ಮುಂಜಾನೆ ಎದ್ದು ಮುಂದ ಮಾಡ್ಕೋಬೇಕು."

ನನ್ನ ಸಿಟ್ಟು ಎಲ್ಲಿ ಹೋಯಿತೋ, ಇಂಥವಳ ಸೋದರಸೊಸೆ ನಾನು ಎಂಬ ಹೆಮ್ಮೆಯೊಂದೇ ಉಳಿಯಿತು. ವ್ಯಾಪಾರಿ ಗಡಿಯಾರದ ಬೆನ್ನು ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ. ಹೇಳಿದ ಬೆಲೆ ಕೊಟ್ಟು, ಎರಡೂ ಕೈಯಲ್ಲಿ ಎತ್ತಿಕೊಂಡರು.

ಮಗ್ಗದ ಮನೆ ಈಗ ಅತ್ತೆಯದು. ಹೋದ ವಾರ ನರೇಗಲ್ಲಿನಲ್ಲಿ ಕೆಲಸ ಮುಗಿಸಿ ಹಾಗೇ ಅಲ್ಲಿಗೆ ಹೋದೆ. ಅತ್ತೆ ನೇಯುತ್ತಿದ್ದಳು. ಎಡಗೈಯಿಂದ ಮಗ್ಗದ ಹಲಗೆ ಎಳೆಯುವಾಗೆಲ್ಲ ಆ ಬರಿ ಮಣಿಕಟ್ಟನ್ನು ಒಂಚೂರು ಹೊರಗೆ ತಿರುಗಿಸಿ, ಕಟ್ಟಿಗೆಗೆ ತಾಕದಂತೆ ಹಿಡಿಯುತ್ತಿದ್ದಳು.

"ಅತ್ತಿ, ಕೈ ಯಾಕ ಹಂಗ ಹಿಡೀತೀಬೇ?" ಎಂದೆ.

"ಗೀರು ಬಿದ್ದೀತವ್ವಾ," ಎಂದಳು, ತಲೆ ಎತ್ತದೆ.